ಕೊಸರು ಎಲ್ಲಿಗೆ ಹೋಯ್ತು?

ಇವತ್ತು ಒಂದು ಪದದಿಂದ ಶುರು ಮಾಡ್ತೀನಿ. ಕೊಸರು. ನಲವತ್ತು ದಾಟಿದವರಿಗೆ ಇದರ ವಿವರಣೆ ಬೇಕಿಲ್ಲ. ಆದ್ರೆ ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗೋ ಮಕ್ಕಳಿದ್ದರೆ ಒಮ್ಮೆ ಕೇಳಿ ನೋಡಿ. ಆಫರ್ ಗೊತ್ತು, ಕ್ಯಾಶ್‌ಬ್ಯಾಕ್ ಗೊತ್ತು, ಕೂಪನ್ ಕೋಡ್ ಗೊತ್ತು. ಕೊಸರು ಅಂದ್ರೆ ಮುಖ ನೋಡ್ತಾರೆ.

ಸಂತೆಯಲ್ಲಿ ಒಂದು ಕೆಜಿ ಬೀನ್ಸ್ ತೂಗಿ ಆದ ಮೇಲೆ, ನಿಮ್ಮ ಚೀಲಕ್ಕೆ ಸುರಿಯೋ ಮುಂಚೆ ವ್ಯಾಪಾರಿ ಇನ್ನೂ ನಾಲ್ಕು ಕಾಯಿ ಎತ್ತಿ ಹಾಕ್ತಾನಲ್ಲ, ಅದೇ ಕೊಸರು. ಸೊಪ್ಪು ಮಾರುವ ಅಮ್ಮ ಕೊತ್ತಂಬರಿ ಕಟ್ಟಿನ ಜೊತೆ ಸೇರಿಸೋ ಎರಡು ಎಸಳು ಕರಿಬೇವು ಕೊಸರು. ಹೂವಿನಾಕೆ ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಅಳೆದು, ಕತ್ತರಿಸುವ ಹೊತ್ತಿಗೆ ನಾಲ್ಕು ಬೆರಳು ಮುಂದಕ್ಕೆ ಬಿಡ್ತಾಳಲ್ಲ, ಅದೂ ಕೊಸರೇ. ಹಾಲಿನವನು ಅಳತೆ ಮುಗಿಸಿ ಪಾತ್ರೆಗೆ ಸುರಿಯೋ ಇನ್ನೊಂದು ತೊಟ್ಟು, ಪಾನಿಪುರಿ ಗಾಡಿಯವನು ಕೊನೆಯಲ್ಲಿ ಕೈಗಿಡೋ ಒಂದು ಒಣ ಪೂರಿ. ಯಾವುದಕ್ಕೂ ಬಿಲ್ ಇಲ್ಲ, ಬೋರ್ಡ್ ಇಲ್ಲ. ಕೊಡದಿದ್ದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗೋಕೂ ಆಗಲ್ಲ. ಆದ್ರೂ ಕೇಳೋದು ಹಕ್ಕು ಅಂತಲೇ ನಮ್ಮ ಅಮ್ಮಂದಿರು ನಂಬಿದ್ದರು. ನಮ್ಮಮ್ಮ ಅಂತೂ ದುಡ್ಡು ಕೊಟ್ಟ ಮೇಲೂ ಚೀಲದ ಬಾಯಿ ಮುಚ್ಚುತ್ತಿರಲಿಲ್ಲ. "ಕೊಸರು ಹಾಕಪ್ಪಾ" ಅನ್ನೋ ಮಾತೂ ಬೇಕಿರಲಿಲ್ಲ, ತೆರೆದ ಚೀಲವೇ ಸಾಕಿತ್ತು.

ಇದು ನಮ್ಮೂರಿನ ಜಿಪುಣತನ ಅಂತ ತಿಳ್ಕೋಬೇಡಿ. ಪಕ್ಕದ ತಮಿಳುನಾಡಿನಲ್ಲಿ ಇದಕ್ಕೆ ಕೊಸುರು ಅಂತಾರೆ, ತೆಲುಗಿನಲ್ಲಿ ನಮ್ಮ ಹಾಗೇ ಕೊಸರು. ಬಂಗಾಳಿಗಳು ಫಾವು ಅಂತಾರೆ. ಕೋಲ್ಕತ್ತಾದ ಫುಚ್ಕಾ ಗಾಡಿಯ ಮುಂದೆ ಫಾವು ಕೇಳದೆ ಜಾಗ ಬಿಟ್ಟು ಕದಲೋದೇ ಇಲ್ಲ. ಪಂಜಾಬಿನಲ್ಲಿ ಝೂಂಗಾ. ಇಷ್ಟರವರೆಗೆ ಸರಿ, ನೆರೆಹೊರೆ, ಒಬ್ಬರಿಂದ ಒಬ್ಬರು ಕಲಿತಿರಬಹುದು ಅನ್ನೋಣ.

ಆದ್ರೆ ಐರ್ಲೆಂಡಿಗೆ ಹೋಗಿ. ಅಲ್ಲಿನ ಹಾಲಿನವನು ಅಳತೆ ಮುಗಿಸಿ ಮೇಲೆ ಸುರಿಯೋ ತೊಟ್ಟಿಗೆ ಟಿಲ್ಲಿ ಅಂತ ಹೆಸರು. ಐರಿಶ್ ಭಾಷೆಯ ಟುಯಿಲ್ಲೆ ಅನ್ನೋ ಪದದಿಂದ ಬಂದದ್ದು, ಹೆಚ್ಚುವರಿ ಅಂತ ಅರ್ಥ. ದೊಡ್ಡ ಲೇಖಕ ಜೇಮ್ಸ್ ಜಾಯ್ಸ್ 1927ರಲ್ಲಿ ಒಂದು ಪುಟ್ಟ ಕವನ ಸಂಕಲನ ತಂದ. ಹೆಸರು ಪೋಮ್ಸ್ ಪೆನಿಯೀಚ್, ಅಂದ್ರೆ ಕವಿತೆ ಒಂದಕ್ಕೆ ಒಂದು ಪೆನ್ನಿ. ಪುಸ್ತಕದ ಬೆಲೆ ಒಂದು ಶಿಲ್ಲಿಂಗ್, ಅಂದ್ರೆ ಹನ್ನೆರಡು ಪೆನ್ನಿ. ಲೆಕ್ಕಕ್ಕೆ ಹನ್ನೆರಡು ಕವಿತೆ ಇರಬೇಕು. ಇರೋದು ಹದಿಮೂರು. ಮೊದಲನೇ ಕವಿತೆಯ ಹೆಸರೇ ಟಿಲ್ಲಿ! ಕವಿತೆಗೂ ಕೊಸರು ಹಾಕಿದ ಪುಣ್ಯಾತ್ಮ.

ದಕ್ಷಿಣ ಅಮೆರಿಕದ ಪೆರು ದೇಶದ ಮಾರುಕಟ್ಟೆಯಲ್ಲಿ ಜ್ಯೂಸ್ ಕುಡಿದರೆ, ಗ್ಲಾಸ್ ಖಾಲಿಯಾದ ಮೇಲೆ ಮಿಕ್ಸಿ ಜಾರಿನಲ್ಲಿ ಉಳಿದದ್ದನ್ನೂ ಸುರಿದು ಕೊಡ್ತಾರೆ. ಅದರ ಹೆಸರು ಯಾಪಾ. ಇಂಕಾ ಜನರ ಕ್ವೆಚುವಾ ಭಾಷೆಯ ಪದ, ಸೇರಿಸು ಅಂತ ಅರ್ಥ. ಈ ಪದ ಸ್ಪ್ಯಾನಿಷ್ ವ್ಯಾಪಾರಿಗಳ ಬಾಯಿಗೆ ಬಿದ್ದು, ಅಲ್ಲಿಂದ ಹಡಗು ಹತ್ತಿ, ಅಮೆರಿಕದ ನ್ಯೂ ಆರ್ಲಿಯನ್ಸ್ ಬಂದರಿನಲ್ಲಿ ಫ್ರೆಂಚ್ ವೇಷ ಹಾಕ್ಕೊಂಡು ಲಾನ್ಯಾಪ್ ಆಯ್ತು. 1883ರಲ್ಲಿ ಮಾರ್ಕ್ ಟ್ವೇನ್ ಮಿಸಿಸಿಪ್ಪಿ ನದಿಯ ಬಗ್ಗೆ ಬರೆದ ಪುಸ್ತಕದಲ್ಲಿ ಈ ಪದವನ್ನು ಬಾಯ್ತುಂಬ ಹೊಗಳಿದ್ದಾನೆ. ನೈಜೀರಿಯಾದಲ್ಲಿ ಜಾರಾ, ಜಮೈಕಾದಲ್ಲಿ ಬ್ರಾಟಾ, ಮೆಕ್ಸಿಕೋದಲ್ಲಿ ಪಿಲೋನ್. ಕೊರಿಯಾದಲ್ಲಿ ಹಳೇ ಪದ ತೊಮ್. ಈಗ ಅಲ್ಲಿನ ಅಂಗಡಿಯವರು ಇಂಗ್ಲಿಷಿನಿಂದ ಎರವಲು ತಂದ ಇನ್ನೊಂದು ಪದವನ್ನೂ ಬಳಸ್ತಾರೆ: ಸರ್ವಿಸ್. ಕೊರಿಯಾದ ಹೋಟೆಲಿನಲ್ಲಿ ನೀವು ಕೇಳದ ತಿಂಡಿಯೊಂದನ್ನು ಟೇಬಲ್ ಮೇಲಿಟ್ಟು "ಸರ್ವಿಸ್" ಅಂದ್ರೆ, ಇದು ಪುಕ್ಕಟೆ, ತಿನ್ನಿ ಅಂತ ಅರ್ಥ. ನಮ್ಮಲ್ಲಿ ಹೋಟೆಲ್ ಬಿಲ್ಲಿನಲ್ಲಿ ಅದೇ ಪದ ಕಂಡರೆ ಏನರ್ಥ ಅಂತ ನಿಮಗೇ ಗೊತ್ತು. ಅಲ್ಲಿಗೆ ಆಮೇಲೆ ಬರ್ತೀನಿ.

ಇಂಕಾ ಜನರಿಗೂ ನಮ್ಮ ಸಂತೆಯವರಿಗೂ ಏನು ಸಂಬಂಧ? ಏನೂ ಇಲ್ಲ. ಹಾಗಾದ್ರೆ ಎಲ್ಲ ಕಡೆ ಒಂದೇ ಪದ್ಧತಿ ಹೇಗೆ ಹುಟ್ಟಿತು? ಕಾರಣ ವ್ಯಾಪಾರದ ಒಳಗೇ ಇದೆ.

ಮೊದಲನೇ ಕಾರಣ ಹೆದರಿಕೆ. ಇಂಗ್ಲಿಷಿನಲ್ಲಿ ಬೇಕರ್ಸ್ ಡಜನ್ ಅಂತ ಒಂದು ಮಾತಿದೆ. ಬೇಕರಿಯವನ ಡಜನ್ ಅಂದ್ರೆ ಹನ್ನೆರಡಲ್ಲ, ಹದಿಮೂರು. ಹದಿಮೂರನೇ ಶತಮಾನದಲ್ಲಿ, ಮೂರನೇ ಹೆನ್ರಿ ರಾಜನ ಕಾಲದಲ್ಲಿ, ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೆ ಒಂದು ಕಾನೂನು ಬಂತು. ತೂಕ ಕಡಿಮೆ ಮಾಡಿದ ಬೇಕರಿಯವನಿಗೆ ದಂಡ. ಮತ್ತೆ ಮತ್ತೆ ಮಾಡಿದರೆ ಕುತ್ತಿಗೆ, ಕೈಗಳನ್ನು ಹಲಗೆಯಲ್ಲಿ ಬಿಗಿದು ಊರ ಮುಂದೆ ನಿಲ್ಲಿಸೋರು. ಕೈಯಲ್ಲಿ ಮಾಡೋ ಬ್ರೆಡ್ಡು, ಒಲೆಯಲ್ಲಿ ಎಷ್ಟು ನೀರು ಆರುತ್ತೋ ಯಾರು ಹೇಳೋಕಾಗುತ್ತೆ? ಹಾಗಾಗಿ ಹನ್ನೆರಡಕ್ಕೆ ಒಂದು ಮೇಲೆ ಹಾಕಿಬಿಟ್ಟರೆ ಒಟ್ಟು ತೂಕದಲ್ಲಿ ಕಮ್ಮಿ ಬೀಳಲ್ಲ, ಕುತ್ತಿಗೆಯೂ ಉಳಿಯುತ್ತೆ. ಬೇಕರ್ಸ್ ಡಜನ್‌ಗೆ ಸಾಮಾನ್ಯವಾಗಿ ಕೊಡೋ ವಿವರಣೆ ಇದು. ಈ ಬ್ರೆಡ್ ಕಾನೂನನ್ನು ನೆನಪಿಟ್ಕೊಳ್ಳಿ, ಮತ್ತೆ ಬೇಕಾಗುತ್ತೆ.

ಎರಡನೇದು ಲೆಕ್ಕಾಚಾರ. ಸಂಜೆ ಆರು ಗಂಟೆಗೆ ಸೊಪ್ಪಿನ ಬುಟ್ಟಿಯಲ್ಲಿ ಉಳಿದ ಕರಿಬೇವು ನಾಳೆ ಬೆಳಿಗ್ಗೆ ಬಾಡಿರುತ್ತೆ. ಅದರ ಬೆಲೆ ವ್ಯಾಪಾರಿಗೆ ಹತ್ತಿರ ಹತ್ತಿರ ಸೊನ್ನೆ. ಆದ್ರೆ ಅದೇ ಎರಡೆಸಳು ಅಂಗಡಿಯಿಂದ ತಂದರೆ ನಿಮಗೆ ಖರ್ಚು. ಕೊಡೋರಿಗೆ ಅಗ್ಗ, ತಗೊಳ್ಳೋರಿಗೆ ಬೆಲೆಯುಳ್ಳದ್ದು. ಮಾಲ್‌ನಲ್ಲಿ ಅಂಗಡಿ ಇಟ್ಟಿರೋ ಎಂಬಿಎ ಓದಿದವರು ಇದಕ್ಕೆ ದೊಡ್ಡ ದೊಡ್ಡ ಹೆಸರು ಇಟ್ಕೊಂಡಿದ್ದಾರೆ. ಸೊಪ್ಪಿನ ಅಮ್ಮನಿಗೆ ಹೆಸರು ಬೇಕಾಗಿಲ್ಲ.

ಮೂರನೇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸುತ್ತೆ. ರೇಟು ಇಳಿಸೋದಕ್ಕೂ ಕೊಸರು ಹಾಕೋದಕ್ಕೂ ವ್ಯತ್ಯಾಸ ಇದೆ. ನಿಮಗೆ ಐದು ರೂಪಾಯಿ ಇಳಿಸಿದರೆ ಪಕ್ಕದಲ್ಲಿ ನಿಂತವರು "ನಮಗೂ ಅದೇ ರೇಟಿಗೆ ಕೊಡು" ಅಂತಾರೆ. ನಾಳೆ ನೀವೂ ಇವತ್ತಿನ ರೇಟನ್ನೇ ಹಿಡ್ಕೊಂಡು ಬರ್ತೀರಿ. ಒಂದು ಸಲ ಇಳಿದ ರೇಟು ಮತ್ತೆ ಏರಿಸೋದು ಕಷ್ಟ. ಕೊಸರಿಗೆ ಆ ಕಷ್ಟ ಇಲ್ಲ. ರೇಟು ನಿಂತಲ್ಲೇ ನಿಂತಿರುತ್ತೆ, ಗಿರಾಕಿ ಮಾತ್ರ ಖುಷಿಯಾಗಿ ಹೋಗ್ತಾನೆ, ನಾಳೆ ಅದೇ ಗಾಡಿಗೆ ಬರ್ತಾನೆ. ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ ಮೊರಾಕೊ ದೇಶದ ಸೆಫ್ರೂ ಅನ್ನೋ ಊರಿನ ಬಜಾರನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 1978ರಲ್ಲಿ ಒಂದು ಪ್ರಬಂಧ ಬರೆದರು. ಸರಕಿನ ಗುಣ, ತೂಕ, ಬೆಲೆ ಯಾವುದೂ ಖಾತ್ರಿ ಇಲ್ಲದ ಬಜಾರಿನಲ್ಲಿ ಜನ ದಿನಾ ಹೊಸ ವ್ಯಾಪಾರಿಯನ್ನು ಹುಡುಕೋದಿಲ್ಲ, ಒಬ್ಬನನ್ನೇ ಹಿಡ್ಕೋತಾರೆ ಅನ್ನೋದು ಅವರು ಕಂಡ ಒಂದು ಮುಖ್ಯ ಸಂಗತಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಖಾಯಂ ಗಿರಾಕಿ. ಕೊಸರು ಆ ನಂಟಿಗೆ ಹಾಕೋ ಎಣ್ಣೆ.

ಇಷ್ಟು ಹೇಳಿದ ಮೇಲೆ, ಹಳೇ ಕಾಲ ಎಷ್ಟು ಚೆನ್ನಾಗಿತ್ತು ಅಂತ ಹಾಡೋಕೆ ನಾನು ತಯಾರಿಲ್ಲ. ಕೊಸರಿನ ಇನ್ನೊಂದು ಮುಖವನ್ನೂ ನೋಡಬೇಕು.

ತಕ್ಕಡಿಯ ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸಿದವನೂ ಕೊಸರು ಹಾಕ್ತಾನೆ. ನೂರು ಗ್ರಾಂ ತೂಕದಲ್ಲಿ ಹೊಡೆದು, ಐವತ್ತು ಗ್ರಾಂ ನಗುನಗುತ್ತಾ ಮೇಲೆ ಹಾಕಿದರೆ ಗಿರಾಕಿಗೆ ಕಾಣೋದು ಆ ಐವತ್ತು ಮಾತ್ರ. ಇನ್ನೊಂದು, ಕೊಸರು ಎಲ್ಲರಿಗೂ ಸಮ ಬೀಳಲ್ಲ. ಪರಿಚಯ ಇದ್ದೋರಿಗೆ, ಜೋರು ಬಾಯಿ ಇದ್ದೋರಿಗೆ ಸಿಗುತ್ತೆ. ಕಾಲು ಕೆಜಿ ತಗೊಂಡು ತಲೆ ತಗ್ಗಿಸಿ ಹೋಗೋ ಕೂಲಿ ಹೆಂಗಸಿಗೆ ಸಿಗೋದು ಅಪರೂಪ.

ಅದಕ್ಕಿಂತ ಕೆಟ್ಟದ್ದು ಒಂದಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಕೊಸರು ಕೊಡೋದು ಬೇರೆ, ಕಿತ್ಕೊಳ್ಳೋದು ಬೇರೆ. ರೈತ ಮೆಣಸಿನಕಾಯಿಯನ್ನೋ ತೊಗರಿಯನ್ನೋ ಮಾರುಕಟ್ಟೆಗೆ ತರ್ತಾನೆ. ತೂಕ ಆಗುತ್ತೆ. ಆಮೇಲೆ ಕ್ವಿಂಟಲ್‌ಗೆ ಇಷ್ಟು ಅಂತ ತೂಕದಲ್ಲಿ ಕಡಿತ. ಉತ್ತರ ಕರ್ನಾಟಕದ ಮಾರುಕಟ್ಟೆಗಳಲ್ಲಿ ಇದಕ್ಕೆ ಸೂಟು ಅಂತಾರೆ. ಚೀಲದ ತೂಕ, ಕಸ, ತೇವ, ಸ್ಯಾಂಪಲ್, ಕಾರಣಗಳಿಗೆ ಕೊರತೆಯೇ ಇಲ್ಲ. ಸ್ಯಾಂಪಲ್ ಅಂತ ಮುಷ್ಟಿ ತುಂಬ ಎತ್ತಿಕೊಂಡ ಕಾಳು ಮತ್ತೆ ಚೀಲಕ್ಕೆ ವಾಪಸ್ ಬೀಳೋದಿಲ್ಲ. ಕರ್ನಾಟಕದಲ್ಲಿ ಎಪಿಎಂಸಿ ಕಾಯ್ದೆ ಬಂದಿದ್ದು 1966ರಲ್ಲಿ. ರೈತನಿಂದ ಮನಬಂದಂತೆ ಕಡಿತ ಮಾಡೋದನ್ನು ನಿಲ್ಲಿಸೋದು ಇಂಥ ಕಾನೂನುಗಳ ಮೂಲ ಉದ್ದೇಶಗಳಲ್ಲಿ ಒಂದು. ಇವತ್ತಿಗೂ ಸೂಟಿನ ವಿರುದ್ಧ ರೈತರು ಪ್ರತಿಭಟನೆ ಮಾಡೋ ಸುದ್ದಿಯನ್ನು ನಾವು ಓದ್ತಾನೇ ಇದ್ದೀವಿ. ಅದೇ ರೈತ ಗೊಬ್ಬರದ ಅಂಗಡಿಗೆ ಹೋಗಿ "ಒಂದು ಬೊಗಸೆ ಯೂರಿಯಾ ಮೇಲೆ ಹಾಕಿ ಸ್ವಾಮಿ" ಅಂತ ಕೇಳಿ ನೋಡಲಿ! ಮಾರುವಾಗಲೂ ಕೊಡೋನು ಅವನೇ, ಕೊಳ್ಳುವಾಗಲೂ ಪೂರ್ತಿ ಬೆಲೆ ಕೊಡೋನು ಅವನೇ.

ಅಲ್ಲಿಗೆ ನಿಮಗೆ ಒಂದು ಗೊತ್ತಾಯ್ತಲ್ಲ, ಯಾರ ಕೈಯಿಂದ ಯಾರ ಚೀಲಕ್ಕೆ ಹೋಗುತ್ತೆ ಅನ್ನೋದರ ಮೇಲೆ ಕೊಸರು ಕೊಡುಗೆಯೋ ಸುಲಿಗೆಯೋ ಅನ್ನೋದು ತೀರ್ಮಾನ ಆಗುತ್ತೆ. ಈ ಅಳತೆಕೋಲು ಹಿಡ್ಕೊಂಡು ನಮ್ಮ ಇವತ್ತಿನ ಪೇಟೆಗೆ ಬರೋಣ.

ಕೊಸರು ಯಾವಾಗ ಕಡಿಮೆ ಆಯ್ತು? ಯಾರೋ ಒಬ್ಬರು ನಿಲ್ಲಿಸಿದ್ದಲ್ಲ. ಹಳೇ ತಕ್ಕಡಿಯಲ್ಲಿ ಸರಕಿನ ತಟ್ಟೆ ಕೆಳಗೆ ವಾಲೋದು ಕಣ್ಣಿಗೆ ಕಾಣೋದು. ಆ ವಾಲೋದೇ ಒಂದು ಮಾತು: ನಿನಗೆ ಜಾಸ್ತಿನೇ ಕೊಟ್ಟಿದ್ದೀನಿ ತಾಯಿ ಅಂತ. ಎಲೆಕ್ಟ್ರಾನಿಕ್ ತಕ್ಕಡಿಗೆ ವಾಲೋಕೆ ಬರಲ್ಲ. ಅದು 1.020 ಅಂತ ಕೆಂಪಕ್ಷರ ತೋರಿಸುತ್ತೆ. ವ್ಯಾಪಾರಿ ಒಂದು ಟೊಮ್ಯಾಟೊ ವಾಪಸ್ ತೆಗೀತಾನೆ. ಮೋಸ ಕಡಿಮೆ ಆಗಿರಬಹುದು, ಒಳ್ಳೇದೇ. ಅದರ ಜೊತೆ ಆ ಒಂದು ಟೊಮ್ಯಾಟೊವೂ ಹೋಯ್ತು.

ಆಮೇಲೆ ಚಿಲ್ಲರೆ. ತರಕಾರಿ ಲೆಕ್ಕ 47 ರೂಪಾಯಿ ಆದರೆ ಮೊದಲು ಏನಾಗ್ತಿತ್ತು? ನೀವು ಐವತ್ತು ಕೊಡ್ತಿದ್ರಿ, ಅವನ ಹತ್ರ ಮೂರು ರೂಪಾಯಿ ಚಿಲ್ಲರೆ ಇರ್ತಿರಲಿಲ್ಲ, ಒಂದು ನಿಂಬೆಹಣ್ಣೋ ನಾಲ್ಕು ಹಸಿಮೆಣಸಿನಕಾಯೋ ಚೀಲಕ್ಕೆ ಬೀಳ್ತಿತ್ತು. ಮೂರು ರೂಪಾಯಿಗಿಂತ ಸ್ವಲ್ಪ ಹೆಚ್ಚೇ ಬೀಳ್ತಿತ್ತು. 2016ರಲ್ಲಿ ಯುಪಿಐ ಬಂತು. ಈಗ 47 ಅಂದ್ರೆ 47, ಪೈಸೆ ಸಮೇತ ಸ್ಪೀಕರ್ ಕೂಗಿ ಹೇಳುತ್ತೆ. ದಿನಸಿ ಅಂಗಡಿಯಲ್ಲಿ ಚಿಲ್ಲರೆ ಬದಲು ಚಾಕೊಲೇಟ್ ತುರುಕೋ ಕಾಟ ತಪ್ಪಿತಲ್ಲ ಅಂತ ನನಗೆ ಸಂತೋಷವೂ ಇದೆ, ಅದನ್ನು ಮುಚ್ಚಿಡಲ್ಲ. ಅದು ಕೊಸರು ಅಲ್ಲ, ನಮ್ಮ ದುಡ್ಡಿನಲ್ಲೇ ನಮಗೆ ಬೇಡದ್ದನ್ನು ಮಾರೋದು.

ಮೂರನೇದು ಪ್ಯಾಕೆಟ್. ಸಕ್ಕರೆ, ಬೇಳೆ, ಕಡಲೆಪುರಿಗಳೆಲ್ಲ ಅಂಟಿಸಿದ ಪ್ಲಾಸ್ಟಿಕ್ಕಿನೊಳಗೆ ಹೋದ ಮೇಲೆ ಕೊಸರು ಹಾಕೋಕೆ ಬಾಯಿ ಎಲ್ಲಿದೆ? ಕೊಡೋ ಅಧಿಕಾರ ಅಂಗಡಿಯವನ ಕೈ ತಪ್ಪಿ ಕಂಪನಿಯ ಕೈಗೆ ಹೋಯ್ತು. ಕಂಪನಿಗಳು ದಡ್ಡರಲ್ಲ, ಈ ಹಳೇ ಆಸೆಯ ಬೆಲೆ ಅವರಿಗೆ ಗೊತ್ತಿತ್ತು. ಅಮೆರಿಕದ ಕ್ರ್ಯಾಕರ್ ಜ್ಯಾಕ್ ಅನ್ನೋ ಪಾಪ್‌ಕಾರ್ನ್ ಪೊಟ್ಟಣದೊಳಗೆ 1912ರಿಂದಲೇ ಆಟದ ಸಾಮಾನು ಬರ್ತಿತ್ತು. ಜಪಾನಿನಲ್ಲಿ ಕೊಸರಿಗೆ ಒಮಾಕೆ ಅಂತಾರೆ. ಗ್ಲಿಕೋ ಕಂಪನಿ 1927ರಿಂದ ತನ್ನ ಕ್ಯಾರಮೆಲ್ ಡಬ್ಬಿಗೆ ಒಂದು ಪುಟಾಣಿ ಪೆಟ್ಟಿಗೆ ಸೇರಿಸಿ ಅದರೊಳಗೆ ಆಟಿಕೆ ಇಟ್ಟಿತು. ಅಂದಿನಿಂದ ಒಮಾಕೆ ಅಂದ್ರೆ ಅಲ್ಲಿನ ಮಕ್ಕಳಿಗೆ ಆ ಆಟಿಕೆಯೇ. ನಮ್ಮಲ್ಲಿ ಅದು ಟೀ ಪುಡಿ ಜೊತೆ ಕಪ್ಪು, ಸೋಪಿನ ಪುಡಿ ಜೊತೆ ಬಕೆಟ್ಟು, ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ "25% ಎಕ್ಸ್‌ಟ್ರಾ" ಆಯ್ತು.

ಇಲ್ಲಿ ಪೆನ್ನು ಪೇಪರ್ ತಗೊಳ್ಳಿ. ನೂರು ಗ್ರಾಂಗೆ 20 ರೂಪಾಯಿ ಇದ್ದ ಪ್ಯಾಕೆಟ್ ಮೇಲೆ "25% ಎಕ್ಸ್‌ಟ್ರಾ" ಅಂತ ಬಂತು. ನಿಮಗೆ 25% ಉಳಿತಾಯ ಆಯ್ತಾ? ಇಲ್ಲ. ಈಗ 20 ರೂಪಾಯಿಗೆ 125 ಗ್ರಾಂ, ಅಂದ್ರೆ ನೂರು ಗ್ರಾಂಗೆ 16 ರೂಪಾಯಿ. ಉಳಿದದ್ದು 20%. "ಎರಡು ಕೊಂಡರೆ ಒಂದು ಉಚಿತ" ಅಂದ್ರೆ ಮೂರರಲ್ಲಿ ಒಂದು, 33% ಚಿಲ್ಲರೆ. ಆದ್ರೆ ನಿಮಗೆ ಬೇಕಿದ್ದದ್ದು ಒಂದೇ ಆಗಿದ್ದರೆ, ಎರಡರ ದುಡ್ಡು ಕೊಟ್ಟಿದ್ದೀರಿ. ಇದು ಮೋಸ ಅಲ್ಲ. ಲೆಕ್ಕ ಹಾಕದೋರ ಮುಂದೆ ದಪ್ಪಕ್ಷರ ಗೆಲ್ಲುತ್ತೆ ಅಷ್ಟೇ.

ಮೋಸಕ್ಕೆ ಹತ್ತಿರ ಬರೋದು ಇದರ ಉಲ್ಟಾ ಆಟ. ಕೊಡುವಾಗ ದಪ್ಪಕ್ಷರ, ಕಡಿಮೆ ಮಾಡುವಾಗ ಸೂಕ್ಷ್ಮ ಅಕ್ಷರ. ನೂರು ಗ್ರಾಂ ಇದ್ದ ಪ್ಯಾಕೆಟ್ ಅದೇ ಬಣ್ಣ, ಅದೇ ಬೆಲೆಯಲ್ಲಿ 80 ಗ್ರಾಂ ಆಗುತ್ತೆ. ಇದಕ್ಕೆ ಶ್ರಿಂಕ್‌ಫ್ಲೇಷನ್ ಅಂತ ಹೆಸರು. ಬೆಲೆ ಏರಿಕೆ ಎಷ್ಟಾಯ್ತು? 20% ಅಂತ ಅನ್ಸುತ್ತೆ, ನಿಜಕ್ಕೂ 25%. 2016ರಲ್ಲಿ ಬ್ರಿಟನ್ನಿನಲ್ಲಿ ಟಾಬ್ಲರೋನ್ ಚಾಕೊಲೇಟಿನ 400 ಗ್ರಾಂ ಬಾರ್ 360 ಗ್ರಾಂ ಆಯ್ತು. ಅದರ ಗುಡ್ಡದಂಥ ತುಂಡುಗಳ ನಡುವಿನ ಅಂತರವನ್ನು ಅಗಲ ಮಾಡಿಬಿಟ್ಟರು. ಡಬ್ಬಿ ಹೊರಗಿಂದ ಹಾಗೇ ಇತ್ತು. ಅಲ್ಲಿನ ಜನ ಮಾತ್ರ ಬಿಡಲಿಲ್ಲ, ಅದು ದೊಡ್ಡ ಸುದ್ದಿಯಾಯ್ತು.

ನಮ್ಮ ದೇಶದಲ್ಲಿ ಈ ಆಟದ ಮೈದಾನ ಐದು ರೂಪಾಯಿ, ಹತ್ತು ರೂಪಾಯಿಯ ಪೊಟ್ಟಣ. ಕಂಪನಿಗಳ ಕಷ್ಟವನ್ನೂ ಹೇಳಬೇಕು. ಐದು ರೂಪಾಯಿ ನಾಣ್ಯ ಹಿಡ್ಕೊಂಡು ಬರೋ ಮಗುವಿಗೆ ಐದೂವರೆಯ ಬಿಸ್ಕತ್ ಮಾರೋಕಾಗಲ್ಲ. ಗೋಧಿ, ಎಣ್ಣೆ, ಸಕ್ಕರೆ ದುಬಾರಿಯಾದಾಗ ಬೆಲೆ ಮುಟ್ಟೋ ಹಾಗಿಲ್ಲ, ತೂಕಕ್ಕೇ ಕತ್ತರಿ. 2025ರ ಸೆಪ್ಟೆಂಬರ್ 22ರಂದು ಬಿಸ್ಕತ್ ಮೇಲಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತು. ಲೆಕ್ಕದ ಪ್ರಕಾರ 5 ರೂಪಾಯಿ ಪ್ಯಾಕೆಟ್ 4 ರೂಪಾಯಿ 45 ಪೈಸೆ ಆಗಬೇಕು. 55 ಪೈಸೆ ಚಿಲ್ಲರೆ ಯಾವ ಅಂಗಡಿಯವನು ಕೊಡ್ತಾನೆ ಹೇಳಿ? ಬೆಲೆ ಐದರಲ್ಲೇ ನಿಲ್ಲಿಸಿ ತೂಕ ಹೆಚ್ಚಿಸ್ತೀವಿ ಅನ್ನೋ ಮಾತು ಕಂಪನಿಗಳ ಕಡೆಯಿಂದ ಆಗ ಬಂದಿದ್ದು ಇದಕ್ಕೇ. ನೋಡಿ, ಐದು ರೂಪಾಯಿ ಅನ್ನೋದು ಬೆಲೆ ಅಲ್ಲ, ಅದು ಗೂಟ. ಗೂಟ ಅಲ್ಲಾಡಲ್ಲ, ಹಗ್ಗ ಉದ್ದ ಗಿಡ್ಡ ಆಗ್ತಾ ಇರುತ್ತೆ.

ಈಗ ಆ ಇಂಗ್ಲೆಂಡಿನ ಬ್ರೆಡ್ ಕಾನೂನನ್ನು ನೆನಪು ಮಾಡ್ಕೊಳ್ಳಿ. ಅದು ಏನು ಹೇಳ್ತಿತ್ತು ಗೊತ್ತಾ? ಬ್ರೆಡ್ಡಿನ ಬೆಲೆ ಸ್ಥಿರ, ತೂಕ ಮಾತ್ರ ಗೋಧಿಯ ದರದ ಜೊತೆ ಬದಲಾಗಬೇಕು ಅಂತ! ಅಂದ್ರೆ ಇವತ್ತಿನ ಬಿಸ್ಕತ್ ಕಂಪನಿ ಮಾಡೋದನ್ನೇ ಏಳುನೂರೈವತ್ತು ವರ್ಷದ ಹಿಂದೆ ಕಾನೂನೇ ಮಾಡಿಸ್ತಿತ್ತು. ವ್ಯತ್ಯಾಸ ಒಂದೇ. ಗೋಧಿ ಇಷ್ಟಾದರೆ ಬ್ರೆಡ್ ಇಷ್ಟು ತೂಗಬೇಕು ಅನ್ನೋ ಪಟ್ಟಿಯನ್ನು ಅಧಿಕಾರಿಗಳು ಹೇಳ್ತಿದ್ದರು, ಬೇಕರಿಯವನು ಗುಟ್ಟಾಗಿ ತೀರ್ಮಾನ ಮಾಡೋ ಹಾಗಿರಲಿಲ್ಲ. ಹಾಗಾಗಿ ತೂಕ ಇಳಿಯೋದು ನನ್ನ ಪ್ರಕಾರ ಅಪರಾಧ ಅಲ್ಲ. ಹೇಳದೆ ಇಳಿಸೋದು ಅಪರಾಧ. ಫ್ರಾನ್ಸ್ ದೇಶ ಇದನ್ನೇ ಹಿಡ್ಕೊಂಡಿತು. 2024ರ ಜುಲೈ 1ರಿಂದ ಅಲ್ಲಿನ ದೊಡ್ಡ ಅಂಗಡಿಗಳು, ಅಂದ್ರೆ 400 ಚದರ ಮೀಟರ್‌ಗಿಂತ ದೊಡ್ಡವು, ತೂಕ ಇಳಿಸಿ ಗ್ರಾಂ ಲೆಕ್ಕದಲ್ಲಿ ಬೆಲೆ ಏರಿಸಿದ ಸರಕಿನ ಪಕ್ಕದಲ್ಲೇ ಎರಡು ತಿಂಗಳು ಬೋರ್ಡ್ ಹಾಕಬೇಕು. ದಕ್ಷಿಣ ಕೊರಿಯಾ ಅದೇ ವರ್ಷ ಆಗಸ್ಟ್‌ನಿಂದ ತೂಕ ಇಳಿಸಿದ್ದನ್ನು ಗ್ರಾಹಕರಿಗೆ ತಿಳಿಸೋದನ್ನು ಕಂಪನಿಗಳಿಗೆ ಕಡ್ಡಾಯ ಮಾಡಿತು.

ನಮ್ಮಲ್ಲಿ ಅಂಥ ಬೋರ್ಡ್ ಇಲ್ಲ. ಮೊದಲು ಬಿಸ್ಕತ್, ಚಹಾ, ಬ್ರೆಡ್‌ನಂಥ ಕೆಲವು ಸರಕುಗಳನ್ನು ಸರ್ಕಾರ ನಿಗದಿ ಮಾಡಿದ ತೂಕಗಳಲ್ಲೇ ಪ್ಯಾಕ್ ಮಾಡಬೇಕು ಅಂತ ನಿಯಮವಿತ್ತು. 2021ರಲ್ಲಿ ಆ ನಿಯಮ ತೆಗೆಯೋ ತಿದ್ದುಪಡಿ ಬಂತು. ಕಂಪನಿ ತನಗೆ ಬೇಕಾದ ತೂಕದಲ್ಲಿ ಪ್ಯಾಕ್ ಮಾಡಬಹುದು, ಬದಲಿಗೆ ಯೂನಿಟ್ ಸೇಲ್ ಪ್ರೈಸ್ ಮುದ್ರಿಸಬೇಕು. ನಿಮ್ಮ ಅಡುಗೆಮನೆಗೆ ಹೋಗಿ ಯಾವುದಾದ್ರೂ ಪ್ಯಾಕೆಟ್ ತಿರುಗಿಸಿ ನೋಡಿ. ಎಂಆರ್‌ಪಿ ಹತ್ತಿರವೇ ಸಣ್ಣಕ್ಷರದಲ್ಲಿ ಗ್ರಾಂಗೆ ಇಷ್ಟು ಅಂತ ಇರುತ್ತೆ. ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ, ಹೆಚ್ಚಿದ್ದರೆ ಕೆಜಿ ಲೆಕ್ಕ. ಇಲ್ಲೇ ಸ್ವಲ್ಪ ಎಡವೋದು. ಅರ್ಧ ಕೆಜಿ ಪ್ಯಾಕೆಟ್ ಮೇಲೆ 0.48 ಅಂತ ಇರುತ್ತೆ, ಎರಡು ಕೆಜಿ ಪ್ಯಾಕೆಟ್ ಮೇಲೆ 450 ಅಂತ ಇರುತ್ತೆ. ಮೊದಲನೇದನ್ನು ಸಾವಿರದಿಂದ ಗುಣಿಸಿ, 480 ಆಗುತ್ತೆ, ಆಗ ಹೋಲಿಸಬಹುದು. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅಂತ ನಂಬಬೇಡಿ. ಶಾಂಪೂ ವಿಷಯದಲ್ಲಿ ಪುಟ್ಟ ಸ್ಯಾಷೆಯೇ ಬಾಟಲಿಗಿಂತ ಅಗ್ಗ ಬೀಳೋದುಂಟು. ಮುದ್ರಿಸಿದ ತೂಕಕ್ಕಿಂತ ಒಳಗೆ ಕಡಿಮೆ ಇದ್ದರೆ, ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ತೂಕ, ಅಳತೆಯ ವಿಷಯ ನೋಡೋಕೆ ರಾಜ್ಯದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಯೂ ಇದೆ.

ಇನ್ನು ಕೊಸರು ಉಲ್ಟಾ ಹರಿಯೋ ಕಥೆ. ಬಟ್ಟೆ ಅಂಗಡಿಯವರು ಮೊದಲು ತಮ್ಮ ಹೆಸರು ಬರೆದ ಚೀಲ ಕೊಡ್ತಿದ್ದರು, ಹೊಸ ವರ್ಷಕ್ಕೆ ಕ್ಯಾಲೆಂಡರ್ ಕೊಡ್ತಿದ್ದರು. ಆಮೇಲೆ ದೊಡ್ಡ ಮಳಿಗೆಗಳು ಬಂದವು, ಚೀಲಕ್ಕೂ ದುಡ್ಡು. ಮೊದಲೇ ಹೇಳದೆ ಬಿಲ್ಲಿಂಗ್ ಕೌಂಟರಿನಲ್ಲಿ ಚೀಲಕ್ಕೆ ಹಣ ಹಾಕೋದು ಅನುಚಿತ ವ್ಯಾಪಾರ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್‌ನಲ್ಲಿ ಹೇಳಬೇಕಾಯ್ತು. ಹೋಟೆಲ್‌ಗಳ ಸರ್ವಿಸ್ ಚಾರ್ಜ್ ಬಿಲ್ಲಿಗೆ ತಾನಾಗೇ ಸೇರಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ತಂತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಕೊರಿಯಾದಲ್ಲಿ ಸರ್ವಿಸ್ ಅಂದ್ರೆ ತಟ್ಟೆಗೆ ಬರೋದು, ಇಲ್ಲಿ ಜೇಬಿನಿಂದ ಹೋಗೋದು.

ಮೊಬೈಲ್ ಆ್ಯಪ್‌ಗಳು ಇನ್ನೂ ಜಾಣ. ಹತ್ತು ನಿಮಿಷದಲ್ಲಿ ಹಾಲು ಬರುತ್ತೆ, ಸಂತೋಷ. ಬಿಲ್ಲಿನ ಕೊನೆಯಲ್ಲಿ ಹ್ಯಾಂಡ್ಲಿಂಗ್ ಚಾರ್ಜ್, ಪ್ಲಾಟ್‌ಫಾರ್ಮ್ ಫೀ, ಕಡಿಮೆ ಸಾಮಾನು ತಗೊಂಡಿದ್ದಕ್ಕೆ ಒಂದು ಫೀ, ಮಳೆ ಬಂದರೆ ಇನ್ನೊಂದು. ಕಾಲು ಕೆಜಿ ತಗೊಂಡವರಿಗೆ ಸಂತೆಯಲ್ಲಿ ಕೊಸರು ಸಿಗ್ತಿರಲಿಲ್ಲ ನಿಜ, ಆದ್ರೆ ದಂಡ ಹಾಕ್ತಿರಲಿಲ್ಲ! ಗ್ರಾಹಕರಿಗೆ ಗೊತ್ತಾಗದ ಹಾಗೆ ಬುಟ್ಟಿಗೆ ವಸ್ತು ಸೇರಿಸೋದು, ಬೆಲೆಯನ್ನು ಕಂತಿನಲ್ಲಿ ತೋರಿಸಿ ಕೊನೆಗೆ ಏರಿಸೋದು, ಇಂಥವನ್ನೆಲ್ಲ ಡಾರ್ಕ್ ಪ್ಯಾಟರ್ನ್ ಅಂತ ಕರೆದು ಅದೇ ಪ್ರಾಧಿಕಾರ 2023ರ ನವೆಂಬರ್ 30ರಂದು ನಿಷೇಧಿಸಿತು. ಪಟ್ಟಿಯಲ್ಲಿರೋ ವಂಚನೆಯ ಬಗೆಗಳು ಒಟ್ಟು ಹದಿಮೂರು. ಬೇಕರಿಯವನ ಡಜನ್ ಲೆಕ್ಕ ಇಲ್ಲೂ ಬಂತು ನೋಡಿ.

ನಿಮ್ಮ ಬೀದಿಯ ದಿನಸಿ ಅಂಗಡಿಯವರ ಕಡೆ ಕೊನೆಗೆ ಬರ್ತೀನಿ. ಪ್ಯಾಕೆಟ್ಟಿನ ಮೇಲೆ ಬೆಲೆ ಹಾಕೋದು ಕಂಪನಿ, ಮಾರ್ಜಿನ್ ಎಷ್ಟು ಅನ್ನೋದನ್ನು ತೀರ್ಮಾನಿಸೋದೂ ಕಂಪನಿ. ಆ್ಯಪ್‌ನವರು ಎಂಆರ್‌ಪಿಗಿಂತ ಕಡಿಮೆಗೆ ಕೊಡ್ತಾರೆ, ಬಂಡವಾಳ ಸುರಿಯೋರು ಹಿಂದೆ ಇದ್ದಾರೆ. ಇವರು ಎಲ್ಲಿಂದ ತರ್ತಾರೆ? ಹಾಗಂತ ಕೊಡೋಕೆ ಇವರ ಹತ್ರ ಏನೂ ಉಳಿದಿಲ್ಲ ಅಂತಲ್ಲ. ಪೆರು ದೇಶದ ಜ್ಯೂಸಿನಾಕೆ ಬೆಲೆ ಇಳಿಸಲ್ಲ, ಜಾರಿನಲ್ಲಿ ಹೇಗೂ ಉಳಿದದ್ದನ್ನು ಸುರೀತಾಳೆ. ಆ ಜಾಣ್ಮೆ ನಮ್ಮಲ್ಲೂ ಇದೆ. ನನಗೆ ಪರಿಚಯದ ಒಬ್ಬ ಅಂಗಡಿಯವರು ಈಚೆಗೆ ಬಿಡಿ ಅಕ್ಕಿ, ಬೇಳೆ, ಬೆಲ್ಲದ ಮೂಟೆಗಳನ್ನು ಮತ್ತೆ ಮುಂದಕ್ಕೆ ತಂದು ಇಟ್ಟಿದ್ದಾರೆ. ಯಾಕೆ ಅಂತ ಕೇಳಿದೆ.

"ಪ್ಯಾಕೆಟ್‌ನಲ್ಲಿ ಆ್ಯಪ್‌ನವರ ಜೊತೆ ಜಗಳ ಆಡೋಕಾಗಲ್ಲ ಸಾರ್. ಬಿಡಿ ಸಾಮಾನಾದ್ರೆ ರೇಟು ನಂದು, ತಕ್ಕಡಿ ನಂದು. ಒಂದು ಕೆಜಿ ಬೆಲ್ಲ ತಗೊಂಡೋರ ಮಗು ಜೊತೆಲಿದ್ರೆ ಒಂದು ಚೂರು ಬೆಲ್ಲ ಅದರ ಕೈಗೆ ಕೊಡ್ತೀನಿ. ಮುಂದಿನ ಸಲ ಅಮ್ಮನ್ನ ಆ ಮಗೂನೇ ಎಳ್ಕೊಂಡು ಬರುತ್ತೆ."